ಬಳಸಿದ ಆಸಿಡ್, ಕೊಳೆ ಥಿನ್ನರ್: ಯಾವುದಕ್ಕೆ ಡ್ರಮ್, ಯಾವುದಕ್ಕೆ ಐಬಿಸಿ?

ಪೀಣ್ಯದ ನಮ್ಮ ಘಟಕದಿಂದ ಹೊರಹೋಗುವ ದ್ರವ ಎರಡು: ಪಿಕ್ಲಿಂಗ್ (ಆಸಿಡ್‌ನಲ್ಲಿ ಅದ್ದಿ ಕಬ್ಬಿಣದ ತುಕ್ಕು ತೆಗೆಯುವ) ತೊಟ್ಟಿಯ ಬಳಸಿದ ಹೈಡ್ರೋಕ್ಲೋರಿಕ್ ಆಸಿಡ್, ಪೇಂಟ್ ಬೂತಿನ ಕೊಳೆ ಥಿನ್ನರ್. ಸಾಗಣೆಯವರು ಮೊದಲು ಕೇಳುವುದೇ "ಎಷ್ಟು ಲೀಟರ್?" ಅಂತ. ನಾನು ಕೇಳುವುದು ಬೇರೆ: ಒಳಗೇನಿದೆ?

ಅಪಾಯಕಾರಿ ಮಾಲನ್ನು ಸಾಗಣೆಯಲ್ಲಿ ಗುರುತಿಸಲು ಯುಎನ್ ಸಂಖ್ಯೆ ಇರುತ್ತದೆ. ಶುದ್ಧ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಅದು 1789. ಕಬ್ಬಿಣ ಕರಗಿ ಹಸಿರಾದ ಆಸಿಡ್‌ಗೆ ನಾವು ಹಾಕುವುದು 3264. ಎರಡೂ ಕ್ಲಾಸ್ 8, ಅಂದರೆ ಚರ್ಮ ಸುಡುವ, ಲೋಹ ಕೊರೆಯುವ ವಸ್ತು. ಕಬ್ಬಿಣದ ಡ್ರಮ್ಮಿನ ಮಾತೇ ಬೇಡ, ಆಸಿಡ್ ಅದನ್ನೇ ತಿನ್ನುತ್ತದೆ. ಉಳಿದದ್ದು 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್, 1000 ಲೀಟರಿನ ಐಬಿಸಿ, ಅಂದರೆ ತಂತಿ ಪಂಜರದೊಳಗೆ ಕೂರುವ ದೊಡ್ಡ ಪ್ಲಾಸ್ಟಿಕ್ ಟ್ಯಾಂಕ್.

ಎರಡನ್ನೂ ಬಳಸಿದ್ದೇನೆ. ನಾಲ್ಕು ಡ್ರಮ್ ನಿಲ್ಲುವಷ್ಟು ಜಾಗದಲ್ಲಿ ಐಬಿಸಿ 200 ಲೀಟರ್ ಜಾಸ್ತಿ ಹಿಡಿಯುತ್ತದೆ. ಖಾಲಿ ಮಾಡಲು ಪಂಪ್ ಬೇಡ, ಕೆಳಗಿನ ವಾಲ್ವ್ ತಿರುಗಿಸಿದರೆ ಸಾಕು. ಆದರೆ ತಲೆನೋವೂ ಅದೇ ವಾಲ್ವ್. ಗ್ಯಾಸ್ಕೆಟ್ ಆಸಿಡ್‌ಗೆ ತಾಳುವಂಥದ್ದೇ ಇರಬೇಕು, ಹೊರಮುಚ್ಚಳ ಬಿಗಿಯಾಗಿರಬೇಕು. ಹೊಗೆ ತಾಗಿ ಸುತ್ತಲಿನ ತಂತಿ ಪಂಜರಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ತುಂಬಿದ ಮೇಲೆ ತೂಕ ಟನ್ನು ದಾಟುತ್ತದೆ, ಲಾರಿಗೆ ಏರಿಸಲು ಫೋರ್ಕ್‌ಲಿಫ್ಟ್ ಬೇಕೇ ಬೇಕು. ಇಲ್ಲದ ಸಣ್ಣ ಘಟಕಕ್ಕೆ ಡ್ರಮ್ಮೇ ಸರಿ.

ಇನ್ನೊಂದು ಲೆಕ್ಕವಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಮಾಲು 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿ ಅವಧಿ ವಿಸ್ತರಿಸಿದರೆ ಬೇರೆ ಮಾತು. ನಿಧಾನವಾಗಿ ತುಂಬುವ ಐಬಿಸಿ ಅರ್ಧವಾಗುವುದರೊಳಗೆ ಗಡುವು ಬಂದುಬಿಡುತ್ತದೆ. ಅರ್ಧ ತುಂಬಿದ ಐಬಿಸಿ ಲಾರಿಯಲ್ಲಿ ಎಷ್ಟು ಕುಲುಕುತ್ತದೆ ಅಂತ ಚಾಲಕರನ್ನೇ ಕೇಳಿ!

ಥಿನ್ನರ್ ವಿಷಯದಲ್ಲಿ ನನಗೆ ಗೊಂದಲವೇ ಇಲ್ಲ. ಅದು ಕ್ಲಾಸ್ 3, ಅಂದರೆ ಹೊತ್ತಿಕೊಳ್ಳುವ ದ್ರವ, ಯುಎನ್ 1263. ಫ್ಲಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ, 23 ಡಿಗ್ರಿಗಿಂತ ಕಡಿಮೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟಾಗ ಪಕ್ಕಗಳು ಮೆತ್ತಗಾಗಿ ಉಬ್ಬಿದವು, ಬಿಗಿ ಮುಚ್ಚಳವಿದ್ದರೂ ಗೋದಾಮೆಲ್ಲ ವಾಸನೆ. ಸ್ಥಾಯೀ ವಿದ್ಯುತ್ತಿನ ಕಿಡಿಯ ಭಯ ಬೇರೆ. ಸಾಮಾನ್ಯ ಐಬಿಸಿಗೂ ಅದೇ ಕಾರಣಕ್ಕೆ ಬೇಡ ಅಂದೆ. ಉಕ್ಕಿನ ಡ್ರಮ್, ತುಂಬುವಾಗ ಅರ್ತಿಂಗ್ ತಂತಿ, ಬಿಸಿಲಿಗೆ ಹಿಗ್ಗಲು ಮೇಲೆ ಸ್ವಲ್ಪ ಖಾಲಿ ಜಾಗ. ದುಬಾರಿ, ಆದರೆ ಬದಲಿಸುವುದಿಲ್ಲ.

ಹಳೇ ಡ್ರಮ್ ಅಗ್ಗಕ್ಕೆ ಸಿಗುತ್ತೆ ಅಂತ ಕೊಳ್ಳುವ ಮುನ್ನ ಅದರ ಮೇಲಿನ ಯುಎನ್ ಗುರುತಿನ ಅಚ್ಚು ಓದಿ. ಪ್ಲಾಸ್ಟಿಕ್ ಡ್ರಮ್ಮಿಗೆ 1ಎಚ್1, ಉಕ್ಕಿನದಕ್ಕೆ 1ಎ1. ಜೊತೆಗೆ ವೈ ಅಕ್ಷರವಿದ್ದರೆ ಮಧ್ಯಮ ಅಪಾಯದ ಮಾಲಿಗೂ ನಡೆಯುತ್ತದೆ. ಝಡ್ ಮಾತ್ರ ಇದ್ದರೆ ಕಡಿಮೆ ಅಪಾಯದ ಮಾಲಿಗಷ್ಟೇ, ಮಧ್ಯಮ ಅಪಾಯದ ನಮ್ಮ ಥಿನ್ನರ್‌ಗೆ ಆಗಲ್ಲ. ಪ್ಲಾಸ್ಟಿಕ್ ಆದರೆ ತಯಾರಾದ ತಿಂಗಳು, ವರ್ಷವನ್ನೂ ನೋಡಿ, ಐದು ವರ್ಷ ದಾಟಿದ್ದು ಸಾಗಣೆಗೆ ಬರುವುದಿಲ್ಲ.