ನಡುಮುರಿದ ಕಂಬ, ಜರ್ಕ್ ಹೊಡೆಯುವ ಲಾರಿ: ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿ

ನಮ್ಮಪ್ಪ ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು. ಗದಗ, ಹಾವೇರಿ ಕಡೆಯ ರಸ್ತೆಯ ಒಂದೊಂದು ಗುಂಡಿಯೂ ಅವರಿಗೆ ಗೊತ್ತು. ಈಗ ಸಂಜೆ ಚಹಾ ಆದಮೇಲೆ ಧಾರವಾಡ ಸಪ್ತಾಪುರದ ನಮ್ಮ ಮನೆಯಲ್ಲಿ ಕೂತು ಯುರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಕಂಪ್ಯೂಟರ್ ಆಟದಲ್ಲಿ ಜರ್ಮನಿಯಿಂದ ಪೋಲೆಂಡಿಗೆ ಲಾರಿ ಹೊಡೆಯುತ್ತಾರೆ. ಸ್ಟೇರಿಂಗ್, ಪೆಡಲ್ ನಾನೇ ತಂದುಕೊಟ್ಟದ್ದು. ಕಂಪ್ಯೂಟರಿನ ರೋಗ ಮೊದಲು ಪತ್ತೆ ಹಚ್ಚಿದ್ದು ಅವರೇ.

"ಲೇ ತಮ್ಮಾ, ತಿರುವಿನ್ಯಾಗ ಕರೆಂಟ್ ಕಂಬ ನಡುಕ ಕಡದಂಗ ಕಾಣಾಕತ್ತದ."

ನೋಡಿದರೆ ಹೌದು. ಲಾರಿ ಬಲಕ್ಕೆ ಹೊರಳಿದಾಗ ಕಂಬದ ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಎರಡು ಬೆರಳು ಆಚೆ. ಅದರ ಜೊತೆಗೆ ಆಗಾಗ ಗಾಡಿ ತಡವರಿಸುತ್ತಿತ್ತು. "ಡೀಸೆಲ್ ಪೈಪಿನ್ಯಾಗ ಗಾಳಿ ಹೊಕ್ಕಾಗ ಹಿಂಗ ಜರ್ಕ್ ಹೊಡೀತದ" ಎಂದರು. ದಿನಕ್ಕೆ ಮೂರ್ನಾಲ್ಕು ಸಲವಂತೂ ಒಂದೆರಡು ಸೆಕೆಂಡ್ ಪೂರ್ತಿ ಗಕ್ಕನೆ ನಿಂತು, ದನಿಯೂ ಗೊರಗೊರ ಅನ್ನುತ್ತಿತ್ತು.

ಮೊದಲು ಹೋದ ಅಂಗಡಿಯಲ್ಲಿ ಮಷಿನ್ ಚಾಲೂ ಕೂಡ ಮಾಡಲಿಲ್ಲ. "ಕಾರ್ಡ್ ವೀಕ್ ಆಗೇತ್ರಿ, ಹೊಸಾದು ಹಾಕ್ರಿ, 28 ಸಾವಿರ." ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ತಯಾರಿಸುವ ಭಾಗ) ಇರುವಾಗ ಈ ಆಟಕ್ಕೆ ಕಾರ್ಡ್ ವೀಕ್ ಹೇಗಾದೀತು ಅಂತ ಸುಮ್ಮನೆ ವಾಪಸ್ ಬಂದೆ.

ಆಮೇಲೆ ಗೆಳೆಯನೊಬ್ಬ ಹೇಳಿದ್ದು ಹುಬ್ಬಳ್ಳಿ ಕೊಪ್ಪಿಕರ ರೋಡಿನ ಹಿಂದಿನ ಓಣಿಯ ಅಂಗಡಿ. ಮೊದಲ ಮಹಡಿ, ಕಡಿದಾದ ಮೆಟ್ಟಿಲು, ಒಬ್ಬನೇ ಹುಡುಗ. ಕ್ಯಾಬಿನೆಟ್ಟನ್ನು ಚಿಗರಿ ಬಸ್ಸಿನಲ್ಲಿ ತೊಡೆಮೇಲೆ ಇಟ್ಟುಕೊಂಡು ಹೋದೆ. ಅವ ಕೇಳಿದ ಮೊದಲ ಮಾತು: "ಮಾನಿಟರ್ ಎಲ್ಲಿ ಅಣ್ಣಾರ?" ಸಿಟ್ಟು ಬಂತು. ಮನೆಗೆ ಬಂದು ಹೇಳಿದರೆ ಅಪ್ಪ ನಕ್ಕರು: "ಮುಂದಿನ ಗಾಲಿ ಮನಿಯಾಗ ಬಿಟ್ಟು ಬಸ್ಸು ಡಿಪೋಕ್ಕ ಒಯ್ದಿಯಲ್ಲೋ!" ಮರುದಿನ ಇಬ್ಬರೂ ಆಟೋ ಮಾಡಿಕೊಂಡು ಮಾನಿಟರ್, ಅದರ ಡಬ್ಬಿ, ಡಬ್ಬಿಯಲ್ಲಿದ್ದ ವೈರು ಎಲ್ಲ ಹೊತ್ತುಕೊಂಡು ಹೋದೆವು.

ಅಲ್ಲಿ ಗೊತ್ತಾಯಿತು, ನಮ್ಮದು ಒಂದು ರೋಗ ಅಲ್ಲ, ಬೇರೆ ಬೇರೆ ರೋಗ. ಕಂಬ ಮುರಿಯುವುದು ಒಂದು, ಜರ್ಕ್ ಇನ್ನೊಂದು.

ಕಂಬದ್ದನ್ನು ಅವ ಅಪ್ಪನಿಗೆ ಹೇಳಿದ ರೀತಿ ನನಗೆ ಬಹಳ ಹಿಡಿಸಿತು. "ಕಾಕಾರ, ಮಾನಿಟರ್ ಚಿತ್ರ ಒಮ್ಮೆಲೇ ಹಾಕೂದಿಲ್ರಿ. ಗ್ವಾಡಿಗೆ ಬಣ್ಣ ಹಚ್ಚಿದಂಗ ಮ್ಯಾಲಿಂದ ಕೆಳಗ ಇಳೀತದ. ಅರ್ಧ ಗ್ವಾಡಿಗೆ ಬಂದಾಗ ಯಾರರೆ ಬಕೆಟ್ ಬದಲಿ ಮಾಡಿದ್ರ?" ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು. 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಮಾನಿಟರ್ ಒಂದು ಚಿತ್ರ ಇಳಿಸಲು ಸುಮಾರು 16.7 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಅದಕ್ಕೆ ಕಾಯದೆ ನಡುವೆಯೇ ಹೊಸ ಚಿತ್ರ ಕೊಟ್ಟರೆ ಅಲ್ಲೇ ಸೀಳು. ವಿ-ಸಿಂಕ್ ಎಂಬ ಸೆಟ್ಟಿಂಗ್ ಹಾಕಿದರೆ ಕಾರ್ಡು ಮಾನಿಟರಿಗೆ ಕಾಯುತ್ತದೆ. ನಾನು ಅದನ್ನು ಹಾಕಿ ನೋಡಿದ್ದೆ. ಸೀಳು ಹೋಯಿತು, ಆದರೆ ಫ್ರೇಮು (ಕಾರ್ಡು ಸೆಕೆಂಡಿಗೆ ಕೊಡುವ ಚಿತ್ರ) 60ಕ್ಕಿಂತ ತುಸು ಕಡಿಮೆಯಾದರೆ ಸಾಕು, ಒಮ್ಮೆಲೇ 30ಕ್ಕೆ ಬೀಳುತ್ತಿತ್ತು. ಅಪ್ಪ "ಸ್ಟೇರಿಂಗ್ ಹೇಳಿದ್ದು ಕೇಳವಲ್ಲದು" ಅಂತ ತೆಗೆಸಿದ್ದರು.

ಇನ್ನು ನನ್ನ ಮಾನ ಹೋದ ಸಂಗತಿ. ನಮ್ಮದು 144 ಹರ್ಟ್ಜ್ ಫ್ರೀಸಿಂಕ್ ಮಾನಿಟರ್. ವಿಂಡೋಸ್ ಸೆಟ್ಟಿಂಗಿನಲ್ಲಿ ಅದು ಎರಡು ವರ್ಷದಿಂದ 60ರಲ್ಲೇ ಓಡುತ್ತಿತ್ತು! ನಾನು ಹಳೆಯ ಎಚ್‌ಡಿಎಂಐ ವೈರು ಹಾಕಿದ್ದೆ, ಡಿಸ್‌ಪ್ಲೇಪೋರ್ಟ್ ವೈರು ಡಬ್ಬಿಯಲ್ಲಿ ಪ್ಲಾಸ್ಟಿಕ್ ಸಮೇತ ಮಲಗಿತ್ತು. ಫ್ರೀಸಿಂಕ್ ಅಂದರೆ ಕಾರ್ಡ್ ಚಿತ್ರ ಕೊಟ್ಟಾಗಲೇ ಮಾನಿಟರ್ ಚಿತ್ರ ಬದಲಿಸುವುದು. 2019ರ ಜನವರಿಯಿಂದ ನಮ್ಮದರಂಥ ಎನ್ವಿಡಿಯಾ ಕಂಪನಿಯ ಕಾರ್ಡುಗಳೂ ಇಂಥ ಮಾನಿಟರಿನ ಜೊತೆ ಹೊಂದಿಕೊಳ್ಳುತ್ತವೆ, ನಮ್ಮ ಜೋಡಿಗೆ ಮಾತ್ರ ಡಿಸ್‌ಪ್ಲೇಪೋರ್ಟ್ ಬೇಕು. ವೈರು ಬದಲಿಸಿ, 144 ಮಾಡಿ, ಕಾರ್ಡಿನ ಡ್ರೈವರ್ ಸಾಫ್ಟ್‌ವೇರಿನಲ್ಲಿ ಈ ಹೊಂದಾಣಿಕೆಗೆ ಇರುವ ಜಿ-ಸಿಂಕ್ ಕಂಪ್ಯಾಟಿಬಲ್ ಚಾಲೂ ಮಾಡಿ, ಫ್ರೇಮು 141ಕ್ಕಿಂತ ಮೇಲೆ ಹೋಗದಂತೆ ಲಗಾಮು ಹಾಕಿದ. ಕಂಬ ಕೂಡಿಕೊಂಡಿತು. ಹತ್ತು ನಿಮಿಷದ ಕೆಲಸ, ಸಾಮಾನಿಗೆ ರೂಪಾಯಿ ಖರ್ಚಿಲ್ಲ.

ಜರ್ಕಿಗೆ ಮಾತ್ರ ತಾಸುಗಟ್ಟಲೆ ಹೋಯಿತು. ಅವ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ ಫ್ರೇಮ್‌ಟೈಮ್, ಅಂದರೆ ಒಂದೊಂದು ಚಿತ್ರಕ್ಕೆ ಹಿಡಿದ ಹೊತ್ತಿನ ಗೆರೆ ಹಾಕಿಕೊಂಡು ಅಪ್ಪನಿಗೇ ಲಾರಿ ಓಡಿಸಲು ಹೇಳಿದ. ಸರಾಸರಿ 90 ಫ್ರೇಮು ಬರುತ್ತಿತ್ತು, ನೋಡಿದರೆ ಚೆನ್ನಾಗಿಯೇ ಇದೆ. ಆದರೆ ಗೆರೆ ಮುಳ್ಳುಮುಳ್ಳಾಗಿ ಎದ್ದು ಬೀಳುತ್ತಿತ್ತು. ಒಂದೊಂದು ಮುಳ್ಳೂ ಕಣ್ಣಿಗೆ ಒಂದೊಂದು ಜರ್ಕ್. ಕ್ಯಾಬಿನೆಟ್ ಬಿಚ್ಚಿದ. ಎಂಟೆಂಟು ಜಿಬಿಯ ಎರಡು ರ‍್ಯಾಮ್ ಕಡ್ಡಿ ಪಕ್ಕಪಕ್ಕದ ಸ್ಲಾಟಿನಲ್ಲಿದ್ದವು, ಅಂದರೆ ಎರಡೂ ಒಂದೇ ಚಾನೆಲ್ಲಿಗೆ (ಡೇಟಾ ಓಡಾಡುವ ದಾರಿಗೆ). ಒಂದು ಬಿಟ್ಟು ಒಂದರಲ್ಲಿ, ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಇರಬೇಕಿತ್ತು. ಅಪ್ಪ ಕೂಡಲೇ: "ಎರಡೂ ಎತ್ತು ನೊಗದ ಒಂದs ಕಡಿಗೆ ಕಟ್ಟ್ಯಾರ ಅನ್ನು." ಮೇಲಾಗಿ 3200ರ ರ‍್ಯಾಮ್ 2400ರಲ್ಲಿ ಓಡುತ್ತಿತ್ತು, ಅದನ್ನು ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಚಾಲೂ ಮಾಡಿರಲಿಲ್ಲ. ಎರಡೂ ಸರಿಯಾದ ಮೇಲೆ ಮುಳ್ಳು ಬಹುಪಾಲು ಇಳಿದವು.

ಗಕ್ಕನೆ ನಿಲ್ಲುವುದು ಉಳಿಯಿತು. "ವಿಂಡೋಸ್ 11 ಹಾಕಿದ ಮ್ಯಾಲೆ ಶುರುವಾತೇನ್ರಿ?" ಎಂದು ಕೇಳಿದ. ಹೌದಲ್ಲ! ವಿಂಡೋಸ್ 11ಕ್ಕೆ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಬೇಕು, ಅದಕ್ಕೆ ಬಯಾಸಿನಲ್ಲಿ (ಮಷಿನ್ ಚಾಲೂ ಆಗುವಾಗ ಮೊದಲು ಓಡುವ ಪ್ರೋಗ್ರಾಂ) ಪ್ರೊಸೆಸರಿನೊಳಗಿನ ಟಿಪಿಎಂ ಆದ ಎಫ್‌ಟಿಪಿಎಂ ಚಾಲೂ ಮಾಡಿದ್ದೆ. ಅದು ಬಯಾಸ್ ಚಿಪ್ಪಿನ ಜೊತೆ ಮಾತಾಡುವಾಗ ಕೆಲವೊಮ್ಮೆ ಇಡೀ ಮಷಿನ್ ಕ್ಷಣಹೊತ್ತು ಕಾಯುತ್ತಿತ್ತು. ಇದನ್ನು ಪ್ರೊಸೆಸರ್ ತಯಾರಕರಾದ ಎಎಂಡಿಯವರೇ 2022ರಲ್ಲಿ ಒಪ್ಪಿಕೊಂಡು ಹೊಸ ಬಯಾಸಿನಲ್ಲಿ ಪರಿಹಾರ ಕೊಟ್ಟಿದ್ದಾರಂತೆ. ನನ್ನ ಬೋರ್ಡಿನಲ್ಲಿದ್ದದ್ದು 2020ರ ಬಯಾಸ್. ಹೊಸ ಬಯಾಸ್ ಹಾಕುವ ಮುಂಚೆ ಎರಡು ಕೆಲಸ ಮಾಡಿದ, ಅದಕ್ಕೇ ಈ ಹುಡುಗನ ಮೇಲೆ ನನಗೆ ಭರವಸೆ ಬಂದದ್ದು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಚಾಲೂ ಇದೆಯೇ ಎಂದು ನೋಡಿದ, ಇದ್ದರೆ ರಿಕವರಿ ಕೀ ಇಲ್ಲದೆ ಡೇಟಾ ಸಿಕ್ಕಿಹಾಕಿಕೊಳ್ಳಬಹುದು. ಯುಪಿಎಸ್ಸಿನ ಪ್ಲಗ್ ಕಿತ್ತು, ಬ್ಯಾಟರಿ ಮೇಲೆ ಮಷಿನ್ ನಿಲ್ಲುತ್ತದೆಯೇ ಎಂದು ಐದು ನಿಮಿಷ ಪರೀಕ್ಷೆ ಮಾಡಿದ. ಬಯಾಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಕೈಬಿಟ್ಟಂತೆಯೇ. ಅಪ್ಡೇಟ್ ಆದಮೇಲೆ ಎಕ್ಸ್‌ಎಂಪಿ ಮತ್ತೆ ಆಫ್ ಆಗಿರುತ್ತದೆ, ಅದನ್ನೂ ಮರೆಯದೆ ಹಾಕಿದ. ಆರು ವಾರವಾಯಿತು, ಲಾರಿ ಒಮ್ಮೆಯೂ ಗಕ್ಕನೆ ನಿಂತಿಲ್ಲ.

ದೊಡ್ಡ ಊರು ಹೊಗುವಾಗ ಈಗಲೂ ತುಸು ಅಳ್ಳಾಡುತ್ತದೆ. ಆಟ ಹಳೆಯ ಹಾರ್ಡ್ ಡಿಸ್ಕಿನಲ್ಲಿದೆ, ಎಸ್‌ಎಸ್‌ಡಿಗೆ ಹಾಕಿದರೆ ಕಡಿಮೆಯಾದೀತು ಎಂದ, ಆದರೆ ಅದನ್ನು ನನಗೆ ಮಾರಲು ನೋಡಲಿಲ್ಲ. ನಾನು ಆಟದ ಸ್ಕೇಲಿಂಗ್ (ಚಿತ್ರವನ್ನು ಪರದೆಗಿಂತ ದೊಡ್ಡದಾಗಿ ತಯಾರಿಸುವ ಸೆಟ್ಟಿಂಗ್) ಶೇಕಡಾ 400ಕ್ಕೆ ಏರಿಸಿಟ್ಟಿದ್ದನ್ನು ನೋಡಿ ಮಾತ್ರ "ಇದೇನ್ರಿ ಇದು" ಅಂತ ತಲೆ ಚಚ್ಚಿಕೊಂಡು 200ಕ್ಕೆ ಇಳಿಸಿದ.

ತೆಗೆದುಕೊಂಡದ್ದು 900 ರೂಪಾಯಿ. ಧೂಳು ಊದಿ, ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿದ್ದೂ ಅದರಲ್ಲೇ. ಇಷ್ಟವಾಗದ್ದೂ ಇದೆ. ಫೋನ್ ಎತ್ತುವುದಿಲ್ಲ. ಬಿಲ್ಲು ಕೇಳಿದರೆ ಮಾತ್ರ ಬರೆಯುತ್ತಾನೆ, ಏನೇನು ಮಾಡಿದ ಎಂದು ಅದರಲ್ಲಿ ಒಂದು ಸಾಲೂ ಇಲ್ಲ, ಬರೀ "ಸರ್ವಿಸ್". ಕೂರಲು ಇರುವುದು ಒಂದೇ ಸ್ಟೂಲ್, ಅದರ ಮೇಲೆ ಅಪ್ಪ ಕೂತಿದ್ದರಿಂದ ನಾನು ನಾಲ್ಕು ತಾಸು ನಿಂತೇ ಇದ್ದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಅಪ್ಪ ಐದು ಅನ್ನುತ್ತಾರೆ, ಅವರಿಗೆ ಎರಡು ಸಲ ಚಹಾ ತರಿಸಿದ್ದ.

ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತದೆ, ಭಾನುವಾರ ರಜೆ. ಹೋಗುವಾಗ ಮಾನಿಟರ್ ಒಯ್ಯಿರಿ, ವೈರಿನ ಸಮೇತ.