ಹೆಮಟಾಲಜಿ ಒಪಿಡಿ: ಕಾಯಿಸುತ್ತಾರೆ, ಆದರೆ ಬಿಡಿಸಿ ಹೇಳುತ್ತಾರೆ

ಎರಡೂವರೆ ವರ್ಷದಲ್ಲಿ ಮೂರು ಸಲ ಅಮ್ಮನನ್ನು ಈ ಹೆಮಟಾಲಜಿ, ಅಂದರೆ ರಕ್ತದ ಕಾಯಿಲೆಗಳ ಒಪಿಡಿಗೆ ಕರೆದುಕೊಂಡು ಬಂದಿದ್ದೇನೆ. ಅಪಾಯಿಂಟ್‌ಮೆಂಟ್ ಇದ್ದರೂ ಎರಡು ಗಂಟೆ ಕಾಯಬೇಕು, ಕುರ್ಚಿ ಸಾಲುವುದಿಲ್ಲ, ವಯಸ್ಸಾದವರಿಗೆ ನಿಜಕ್ಕೂ ಕಷ್ಟ. ಆದರೂ ಬೇರೆ ಕಡೆ ಹೋಗುವುದಿಲ್ಲ.

ಮಾಮೂಲಿ ಚೆಕಪ್‌ನಲ್ಲಿ ರಕ್ತದಲ್ಲಿ ಗ್ಲಾಬ್ಯುಲಿನ್ ಅನ್ನುವ ಪ್ರೋಟೀನ್ ಜಾಸ್ತಿ ಬಂತು ಅಂತ ಇನ್ನೊಂದು ಟೆಸ್ಟ್ ಮಾಡಿಸಿದ್ದೆವು. ಅದರಲ್ಲಿ ಎಂ ಬ್ಯಾಂಡ್, ಅಂದರೆ ಎಂ ಪ್ರೋಟೀನ್ ಅನ್ನುವ ಅಸಹಜ ಪ್ರೋಟೀನಿನ ಗುರುತು ಕಾಣಿಸಿತು. ಆ ಲ್ಯಾಬಿನ ಕೌಂಟರಿನವರು "ಬ್ಲಡ್ ಕ್ಯಾನ್ಸರ್ ಇರಬಹುದು, ಬೇಗ ತೋರಿಸಿ" ಅಂತ ಅಮ್ಮನ ಎದುರಿಗೇ ಹೇಳಿಬಿಟ್ಟರು. ಅವತ್ತು ರಾತ್ರಿ ಅಮ್ಮ ತಟ್ಟೆ ಮುಂದೆ ಸುಮ್ನೆ ಕೂತಿದ್ದರು.

ಇಲ್ಲಿನ ಡಾಕ್ಟರು ಮೊದಲು ರಿಪೋರ್ಟಿನ ಗ್ರಾಫನ್ನು ಅಮ್ಮನ ಕಡೆ ತಿರುಗಿಸಿದರು. ಎಡಗಡೆ ಗೋಪುರದ ಹಾಗೆ ಎದ್ದಿರುವುದು ಆಲ್ಬುಮಿನ್ ಅನ್ನುವ ಮಾಮೂಲಿ ಪ್ರೋಟೀನ್, ಬಲತುದಿಯಲ್ಲಿ ಮುಳ್ಳಿನಷ್ಟು ಎದ್ದಿರುವುದು ಎಂ ಪ್ರೋಟೀನ್. ಅದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, "ಇದಕ್ಕೆ ಎಂಜಿಯುಎಸ್ ಅಂತಾರೆ. ಕ್ಯಾನ್ಸರ್ ಅಲ್ಲ ಅಮ್ಮಾ, ಆದರೆ ಕಣ್ಣಿಟ್ಟಿರಬೇಕು" ಅಂದರು. ವರ್ಷಕ್ಕೆ ನೂರರಲ್ಲಿ ಸುಮಾರು ಒಬ್ಬರಿಗೆ ಮೈಲೋಮಾ (ಮೂಳೆ ಮಜ್ಜೆಯ ಒಂದು ಕ್ಯಾನ್ಸರ್) ಅಥವಾ ಅಂಥದ್ದೇ ಕಾಯಿಲೆಗೆ ತಿರುಗುತ್ತದೆ. ಹತ್ತು ವರ್ಷ ಏನೂ ಆಗಲಿಲ್ಲ ಅಂತ ಆ ಭಯ ಪೂರ್ತಿ ಹೋಗುವುದಿಲ್ಲ, ಅದಕ್ಕೇ ಫಾಲೋಅಪ್ ಬಿಡಬಾರದು ಅನ್ನುವುದನ್ನೂ ಮುಚ್ಚಿಡಲಿಲ್ಲ.

ಎಲ್ಲರಿಗೂ ಒಂದೇ ಲೆಕ್ಕ ಅಲ್ಲವಂತೆ. ಅಮ್ಮನ ಎಂ ಪ್ರೋಟೀನ್ ಡೆಸಿಲೀಟರಿಗೆ 0.8 ಗ್ರಾಂ, ಅಂದರೆ 1.5 ಗ್ರಾಂಗಿಂತ ಕಡಿಮೆ. ಅದು ಐಜಿಜಿ (ಒಂದು ಬಗೆಯ ರೋಗನಿರೋಧಕ ಪ್ರೋಟೀನ್) ಬಗೆಯದು, ಲೈಟ್ ಚೈನ್ (ಅಂಥ ಪ್ರೋಟೀನುಗಳ ಚಿಕ್ಕ ತುಂಡುಗಳು) ಅನುಪಾತವೂ ಸರಿಯಿತ್ತು. ಈ ಮೂರೂ ಸರಿಯಿದ್ದವರಲ್ಲಿ 20 ವರ್ಷದಲ್ಲಿ ಕಾಯಿಲೆಗೆ ತಿರುಗುವುದು ನೂರಕ್ಕೆ 5 ಜನರಿಗೆ, ಮೂರೂ ಕೆಟ್ಟಿದ್ದರೆ 58 ಜನರಿಗೆ. ಎಷ್ಟು ವ್ಯತ್ಯಾಸ ಅಲ್ವಾ! ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಅಮ್ಮ ಅಷ್ಟು ದಿನ ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲ.

"ಮಾತ್ರೆ ಏನೂ ಇಲ್ವಾ ಡಾಕ್ಟ್ರೇ?" ಅಂತ ಅಮ್ಮ ಕೇಳಿದರು. ಇಲ್ಲ, ಬೇಕಾಗಿಯೂ ಇಲ್ಲ ಅಂದರು. ಮೂಳೆ ಮಜ್ಜೆಯ ಪರೀಕ್ಷೆಯೂ ಈಗ ಬೇಡ ಅಂದರು. ಸುಮ್ಮನೆ ದುಡ್ಡು ಖರ್ಚು ಮಾಡಿಸದೇ ಇದ್ದದ್ದು ನನಗೆ ತುಂಬಾ ಇಷ್ಟವಾಯಿತು. ಆರು ತಿಂಗಳಾದ ಮೇಲೆ ಒಂದು ಸಲ ನೋಡಿದರು, ಆಮೇಲೆ ಎರಡು ವರ್ಷ ಬಿಟ್ಟು ಬರಲು ಹೇಳಿದರು. ನಡುವೆ ಬಿಡದೆ ಮೂಳೆ ನೋವು, ಜಾಸ್ತಿ ಸುಸ್ತು, ಕೈಕಾಲು ಜೋಮು, ಮೂತ್ರದಲ್ಲಿ ನೊರೆ ಬಂದರೆ ತಾರೀಖಿಗೆ ಕಾಯದೆ ಬನ್ನಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಫ್ರಿಜ್ ಮೇಲಿದೆ.

ಬರುವವರು ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿ, ಲ್ಯಾಬ್ ಬದಲಾದರೆ ಅಂಕಿ ಹೋಲಿಸುವುದು ಕಷ್ಟ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಬನ್ನಿ, ಡಾಕ್ಟರು ಒಂದೊಂದನ್ನೂ ನೋಡುತ್ತಾರೆ. ತಿಂಡಿ ತಿಂದೇ ಹೊರಡಿ.