ನರ್ಸಿಂಗ್ ಹೋಮ್‌ನವರ ಕೈಗೆ ಒರಿಜಿನಲ್ ಸರ್ಟಿಫಿಕೇಟ್ ಕೊಡುವ ಮುಂಚೆ ಇದನ್ನು ಓದಿ

ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ತಂಗಿಯರೇ, ತಮ್ಮಂದಿರೇ, ಎಷ್ಟೇ ನಯವಾಗಿ ಕೇಳಲಿ, ಒರಿಜಿನಲ್ ಮಾರ್ಕ್ಸ್ ಕಾರ್ಡು, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಸರ್ಟಿಫಿಕೇಟು ಯಾರ ಕೈಗೂ ಕೊಡಬೇಡಿ. ವೆರಿಫಿಕೇಷನ್ ಅಂದರೆ ಎದುರಿಗೇ ಕೂತು ತೋರಿಸಿ, ಎತ್ತಿಕೊಂಡು ಬನ್ನಿ. ನನ್ನವು ಇವತ್ತಿಗೂ ಕಲಬುರಗಿ ಕಡೆಯ ಒಂದು ಖಾಸಗಿ ನರ್ಸಿಂಗ್ ಹೋಮಿನ ಬೀರುವಿನಲ್ಲಿವೆ. ದೂರು ಕೊಟ್ಟಿದ್ದೇನೆ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಪೇಷಂಟ್ ಗುರುತು ಸಿಗುವಂಥ ವಿವರವನ್ನೂ ಬಿಟ್ಟಿದ್ದೇನೆ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೆ.

ಬಾಂಡ್ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಛಾಪಾ ಕಾಗದದ ಮೇಲೆ ಎರಡು ವರ್ಷ ಅಂತ ಬರೆಸಿಕೊಳ್ಳುತ್ತಾರೆ, ನಡುವೆ ಬಿಟ್ಟರೆ ಮೂರು ತಿಂಗಳ ಪಗಾರ ಕಟ್ಟಬೇಕು ಅನ್ನುತ್ತಾರೆ. ನಮ್ಮ ಬ್ಯಾಚಿನಲ್ಲಿ ಎಲ್ಲರೂ ಬರೆದುಕೊಟ್ಟವರೇ. ಪಗಾರದ ಕಥೆಯೂ ಗೊತ್ತಿದ್ದದ್ದೇ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರದ ಸಮಿತಿ, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಾದರೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂತ ಶಿಫಾರಸು ಮಾಡಿತ್ತು. ನನಗೆ ಹೇಳಿದ್ದು 13 ಸಾವಿರ. ಅಪ್ಪ ನನ್ನ ಓದಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ, ಹೂಂ ಅಂದೆ. ಆದರೆ ಒಂದು ವಿಷಯಕ್ಕೆ ಮಾತ್ರ ಹೂಂ ಅನ್ನುವುದಿಲ್ಲ ಅಂತ ಇಂಟರ್‌ವ್ಯೂನಲ್ಲೇ ಹೇಳಿದ್ದೆ. ಮೊದಲ ದಿನವೇ, ಬಾಯಿಬಿಟ್ಟು ಹೇಳಿದ್ದೆ.

ನಮ್ಮ ದೊಡ್ಡವ್ವನಿಗೆ ಮೂವತ್ತು ತುಂಬುವ ಹೊತ್ತಿಗೆ ಗರ್ಭಚೀಲ ತೆಗೆದಿದ್ದರು. ಬಿಳಿ ಹೋಗುತ್ತದೆ, ಸೊಂಟ ನೋವು ಅಂತ ತೋರಿಸಲು ಹೋದವಳು. "ಗಂಟು ತೆಗೀತೀವಿ" ಅಂದರಂತೆ. ಚೀಲವೇ ಹೋಗಿದೆ ಅಂತ ಅವಳಿಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಮುಟ್ಟು ಯಾಕೆ ನಿಂತಿದೆ ಅಂತ ಬೇರೆ ಕಡೆ ಕೇಳಿದಾಗ. ಅಂಡಾಶಯವನ್ನೂ ತೆಗೆದಿದ್ದರು. ಅಂಡಾಶಯ ಹೋದರೆ ಮುಪ್ಪಿಗೆ ಬರಬೇಕಾದದ್ದು ಅವತ್ತೇ ಶುರುವಾಗುತ್ತದೆ. ಮೈಯೆಲ್ಲ ಉರಿ, ನಿದ್ದೆ ಇಲ್ಲ, ಮೂಳೆ ಸವೆತ. ತೊಗರಿ ಹೊಲದಲ್ಲಿ ಗಂಡಸರಿಗೆ ಸಮ ದುಡಿಯುತ್ತಿದ್ದವಳು ನಲವತ್ತಕ್ಕೆ ಗೋಡೆ ಹಿಡಿದು ಏಳುವಂತಾದಳು. ಅವಳೊಬ್ಬಳದೇ ಆಗಿದ್ದರೆ ಹಣೆಬರಹ ಅನ್ನಬಹುದಿತ್ತು. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಎಷ್ಟೋ ಲಂಬಾಣಿ ಹೆಣ್ಣುಮಕ್ಕಳಿಗೆ ಬೇಡದ ಆಪರೇಷನ್ ಆಗಿದೆ ಅಂತ ದೊಡ್ಡ ಗಲಾಟೆಯಾಗಿ, ತನಿಖೆಯೂ ಆಗಿತ್ತು. ನಾನು ನರ್ಸಿಂಗ್ ಸೇರಿದ್ದೇ ಅದೆಲ್ಲ ನೋಡಿದ ಮೇಲೆ. ಆಗಲೇ ನಿರ್ಧಾರ ಮಾಡಿದ್ದೆ, ಏನು ಆಪರೇಷನ್ ಅಂತ ಪೇಷಂಟ್‌ಗೆ ಅವಳ ಭಾಷೆಯಲ್ಲಿ ತಿಳಿಯದ ಹೊರತು ಕನ್ಸೆಂಟ್ ಫಾರ್ಮ್ ಮೇಲೆ ಸಾಕ್ಷಿ ಸಹಿ ನಾನು ಹಾಕುವುದಿಲ್ಲ.

ಇದನ್ನೇ ಇಂಟರ್‌ವ್ಯೂನಲ್ಲಿ ಹೇಳಿದೆ. ಅಡ್ಮಿನಿಸ್ಟ್ರೇಟರ್ ಎದ್ದು ನಿಲ್ಲುವುದೊಂದು ಬಾಕಿ. "ಸಿಸ್ಟರ್, ನಿಮ್ಮಂಥೋರೇ ಬೇಕಾಗಿದ್ದು ನಮಗ. ನಮ್ಮಲ್ಲಿ ಎಲ್ಲಾ ರೂಲ್ಸ್ ಪ್ರಕಾರನೇ ರೀ." ಆ ಮಾತು ನೆನಪಿಟ್ಟುಕೊಳ್ಳಿ. ಎಲ್ಲಾ ರೂಲ್ಸ್ ಪ್ರಕಾರ. ಅದೇ ಉಸಿರಿನಲ್ಲಿ, "ಒರಿಜಿನಲ್ಸ್ ಕೊಟ್ಟು ಹೋಗ್ರಿ, ವೆರಿಫೈ ಮಾಡಿ ಎರಡು ದಿನದಾಗ ಕೊಡ್ತೀವಿ" ಅಂದರು. ರಸೀದಿ ಕೇಳಿದೆ. ಕೊಟ್ಟರು, ದುಂಡು ಸೀಲು ಒತ್ತಿ, ಸಹಿ ಮಾಡಿ, ನಗುನಗುತ್ತಲೇ ಕೊಟ್ಟರು. ಎರಡು ದಿನ ಹೋಗಿ ವಾರ ಆಯಿತು, ತಿಂಗಳಾಯಿತು. ಕೇಳಿದಾಗಲೆಲ್ಲ "ಸಾಹೇಬ್ರು ಲಾಕರ್‌ದಾಗ ಇಟ್ಟಾರ, ಸೇಫ್ ಅದಾವ ತಗೋರಿ."

ಒಂದು ರಾತ್ರಿ ಡ್ಯೂಟಿ. ಮರುದಿನ ಬೆಳಿಗ್ಗೆ ಮೊದಲ ಕೇಸಿಗೆ ಒಬ್ಬ ತಾಂಡಾದ ಹೆಣ್ಣುಮಗಳು, ವಯಸ್ಸು ನನಗಿಂತ ಸ್ವಲ್ಪ ಹೆಚ್ಚು. ಫೈಲ್ ತೆಗೆದೆ. ದೂರು ಏನು? ಬಿಳಿ ಹೋಗುವುದು, ಸೊಂಟ ನೋವು. ಗರ್ಭಕೋಶದ ಬಾಯಿ ಪರೀಕ್ಷೆ ಮಾಡುವ ಪ್ಯಾಪ್ ಸ್ಮಿಯರ್ ಇಲ್ಲ, ಬಯಾಪ್ಸಿ ಇಲ್ಲ, ಮೊದಲು ಮಾತ್ರೆ ಕೊಟ್ಟು ನೋಡಿದ ದಾಖಲೆ ಇಲ್ಲ. ಒಂದು ಸ್ಕ್ಯಾನ್ ರಿಪೋರ್ಟು ಮಾತ್ರ. ಒಟಿ ಲಿಸ್ಟಿನಲ್ಲಿ ಗರ್ಭಕೋಶ ತೆಗೆಯುವ ಆಪರೇಷನ್ ಅಂತ ಇದೆ. ಕನ್ಸೆಂಟ್ ಫಾರ್ಮ್ ಇಂಗ್ಲಿಷಿನಲ್ಲಿದೆ, ಯಾವ ಆಪರೇಷನ್ ಅಂತ ಬರೆಯುವ ಗೆರೆ ಖಾಲಿ ಇದೆ. ಇನ್‌ಚಾರ್ಜ್ ಸಿಸ್ಟರ್ ಸ್ಟ್ಯಾಂಪ್ ಪ್ಯಾಡ್ ಕೈಗೆ ಕೊಟ್ಟು, "ಹೆಬ್ಬಟ್ಟು ಹಾಕಿಸಿ ನೀ ಸಾಕ್ಷಿ ಮಾಡಿಬಿಡು, ಉಳಿದದ್ದು ಆಮ್ಯಾಗ ತುಂಬಿಕೊಳ್ತಾರ" ಅಂದರು.

ನಾನು ಆ ಹೆಣ್ಣುಮಗಳ ಹತ್ತಿರ ಕೂತು ಒಂದೇ ಪ್ರಶ್ನೆ ಕೇಳಿದೆ. ಅಕ್ಕಾ, ನಾಳೆ ಏನು ಮಾಡ್ತಾರಂತ ಹೇಳ್ಯಾರ ನಿನಗ?

"ಚೀಲ ಸ್ವಚ್ಛ ಮಾಡ್ತಾರಂತ."

ಸ್ವಚ್ಛ ಮಾಡ್ತಾರಂತ! ಓದುಗರೇ, ನೀವು ನನ್ನ ಜಾಗದಲ್ಲಿದ್ದರೆ ಹೆಬ್ಬೆಟ್ಟು ಒತ್ತಿಸುತ್ತಿದ್ದಿರಾ? ಅವಳ ಭಾಷೆ ಬಲ್ಲ ಆಯಾಳನ್ನು ಕರೆದು, ಚೀಲ ತೆಗೆಯುತ್ತಾರೆ, ಮುಂದೆ ಮಕ್ಕಳಾಗುವುದಿಲ್ಲ, ಬೇಡವಾದರೆ ಬೇಡ ಅನ್ನಬಹುದು, ಬೆಳಿಗ್ಗೆ ಡಾಕ್ಟರನ್ನೇ ಎಲ್ಲಾ ಕೇಳು ಅಂತ ಹೇಳಿಸಿದೆ. ಅಷ್ಟೇ. ಆಪರೇಷನ್ ಬೇಡ ಅಂತ ನಾನು ಹೇಳಲಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಅವಳು ಗಂಡನ ಜೊತೆ ಮಾತಾಡಿ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋಗುತ್ತೇವೆ ಅಂತ ಹೊರಟಳು.

ಡ್ಯೂಟಿ ಮುಗಿಸಿ ಹೊರಡುವ ಮುಂಚೆ ಚೇಂಬರಿಗೆ ಕರೆಸಿದರು. ಡಾಕ್ಟರು, ಅಡ್ಮಿನಿಸ್ಟ್ರೇಟರು, ಇನ್‌ಚಾರ್ಜ್ ಸಿಸ್ಟರು ಕೂತಿದ್ದಾರೆ, ನಾನು ನಿಂತಿದ್ದೇನೆ. ಬಾಗಿಲು ತೆರೆದೇ ಇತ್ತು, ಹೊರಗೆ ಕೂತ ಪೇಷಂಟ್ ಕಡೆಯವರೆಲ್ಲ ಕೇಳಿಸಿಕೊಳ್ಳಲಿ ಅಂತಲೇ ತೆರೆದಿಟ್ಟಿದ್ದರು. ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

"ನೀನು ನರ್ಸೋ, ಲಾಯರೋ?"

ನರ್ಸ್ ಸಾರ್.

"ಪೇಷಂಟ್‌ಗೆ ತಿಳಿಸಿ ಹೇಳೋದು ಡಾಕ್ಟರ್ ಕೆಲಸ. ನಿನಗ್ಯಾಕ ಬೇಕು?"

ಹೌದು ಸಾರ್, ಅದು ನಿಮ್ಮ ಕೆಲಸಾನೇ. ನೀವು ಹೇಳಿದ್ದಿದ್ದರ ನಾನು ಸಾಕ್ಷಿ ಹಾಕ್ತಿದ್ದೆ. ನೀವು ಹೇಳಿದ್ದನ್ನು ನಾನು ನೋಡೇ ಇಲ್ಲ, ನೋಡದ್ದಕ್ಕ ಹ್ಯಾಂಗ ಸಾಕ್ಷಿ ಹಾಕಲಿ?

ಅದಕ್ಕೆ ಅಡ್ಮಿನಿಸ್ಟ್ರೇಟರ್, ಇಂಟರ್‌ವ್ಯೂನಲ್ಲಿ ನಿಮ್ಮಂಥೋರೇ ಬೇಕು ಅಂದಿದ್ದ ಅದೇ ಮನುಷ್ಯ, "ನಿನ್ನ ತತ್ವ ಎಲ್ಲಾ ಮನ್ಯಾಗ ಇಟ್ಟು ಬಾ. ಇಲ್ಲಿ ಬರೋದು ಪಗಾರಕ್ಕ" ಅಂದ. ಹದಿಮೂರು ಸಾವಿರಕ್ಕೆ ನನ್ನ ಹನ್ನೆರಡು ತಾಸಿನ ದುಡಿಮೆ ಕೊಂಡರು, ಒಪ್ಪುತ್ತೇನೆ. ಸುಳ್ಳು ಸಹಿಯನ್ನೂ ಅದರಲ್ಲೇ ಕೊಂಡೆವು ಅಂತ ತಿಳಿದಿದ್ದರು. ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯುವುದಕ್ಕೆ ಒಪ್ಪಿಗೆಯಾಗುವುದಿಲ್ಲ, ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ಅಪಾಯ ಏನು ಅಂತ ತಿಳಿದು ಕೊಟ್ಟದ್ದೇ ಒಪ್ಪಿಗೆ. 2023ರಲ್ಲಿ ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿ ಮಾಡಬೇಕು ಅಂತಲೂ ಅದೇ ಕೋರ್ಟು ಹೇಳಿತು. ಖಾಸಗಿ ಆಸ್ಪತ್ರೆಗಳಿಗೆ ಅಂತಲೇ ಇರುವ ನಮ್ಮ ರಾಜ್ಯದ ಕೆಪಿಎಂಇ ಕಾಯ್ದೆಯಲ್ಲೂ ರೋಗಿಗಳ ಸನ್ನದು, ಅಂದರೆ ರೋಗಿಗಳ ಹಕ್ಕುಗಳ ಪಟ್ಟಿ, ಅಂತ ಇದೆ. ಹಾಗಿರುವಾಗ ನಾನು ರೂಲ್ಸ್ ಮುರಿದೆನೋ, ಅವರೋ?

ಆಮೇಲೆ ಏನಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಾಲಾಗಿ ನೈಟ್ ಡ್ಯೂಟಿ, ಹೆರಿಗೆ ವಾರ್ಡಿನಿಂದ ಎತ್ತಿ ಬಟ್ಟೆ ಎಣಿಸುವಲ್ಲಿಗೆ ಹಾಕಿದರು, ಪಗಾರ ತಡೆದರು. ಜೊತೆಯ ಸಿಸ್ಟರ್‌ಗಳು ಮಾತು ಬಿಟ್ಟರು. ಅವರನ್ನು ಬೈಯುವುದಿಲ್ಲ, ಅವರ ಸರ್ಟಿಫಿಕೇಟೂ ಅದೇ ಬೀರುವಿನಲ್ಲಿದೆ. ಕೊನೆಗೆ ರಾಜೀನಾಮೆ ಬರೆದುಕೊಟ್ಟು, ಒರಿಜಿನಲ್ ಕೊಡಿ ಅಂದೆ.

"ಬಾಂಡ್ ಮುರದೀರಿ. ಮೂರು ತಿಂಗಳ ಪಗಾರ ಕಟ್ಟಿ ಒಯ್ಯಿರಿ."

ಅಂದರೆ ಒರಿಜಿನಲ್ ಅವರ ಹತ್ತಿರ ಇದೆ, ಅವರ ಬಾಯಲ್ಲೇ ಬಂತು. ಇದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳೋಣ ಅಂತ ಮನೆಗೆ ಬಂದು ವಾಟ್ಸಾಪ್ ಮಾಡಿದೆ. ಸಾರ್, ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡು, ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ವಾಪಸ್ ಕೊಡಿ, ರಸೀದಿ ನನ್ನ ಹತ್ತಿರ ಇದೆ. ನೀಲಿ ಗೆರೆ ಬಿತ್ತು. ಸಂಜೆಗೆ ಉತ್ತರ ಬಂತು.

"ಯಾವ ಒರಿಜಿನಲ್? ನೀವು ಕೊಟ್ಟಿದ್ದು ಜೆರಾಕ್ಸ್. ನಿಮ್ಮ ರಸೀದಿ ಸರಿಯಾಗಿ ಓದಿಕೊಳ್ಳಿ."

ಓಡಿಹೋಗಿ ಟ್ರಂಕಿನಿಂದ ರಸೀದಿ ತೆಗೆದೆ. "ದಾಖಲಾತಿಗಳನ್ನು ಸ್ವೀಕರಿಸಲಾಗಿದೆ." ಅಷ್ಟೇ ಇದೆ! ಯಾವ ದಾಖಲಾತಿ, ಎಷ್ಟು, ಒರಿಜಿನಲ್ಲೋ ಪ್ರತಿಯೋ, ಒಂದು ಅಕ್ಷರ ಇಲ್ಲ. ಅವತ್ತು ನಗುತ್ತಾ ಸೀಲು ಒತ್ತಿದಾಗಲೇ ಇದು ಅವರಿಗೆ ಗೊತ್ತಿತ್ತು. ಪ್ರತಿ ಹುಡುಗಿಗೂ ಇದೇ ಒಕ್ಕಣೆ ಬರೆದುಕೊಡುತ್ತಾರೆ, ಆಮೇಲೆ ಬೇರೆಯವರ ರಸೀದಿಗಳನ್ನೂ ನೋಡಿದೆ, ಎಲ್ಲದರಲ್ಲೂ ಅದೇ ಸಾಲು. ಪ್ಲಾನ್ ಮಾಡಿಯೇ ಬರೆದ ಸಾಲು. ಆ ಕಾಗದ ಹಿಡಿದುಕೊಂಡು ಅಪ್ಪನ ಮುಂದೆ ನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲ. ಬೆಳಿಗ್ಗೆ ಬಾಯಲ್ಲಿ "ದುಡ್ಡು ಕಟ್ಟಿ ಒಯ್ಯಿ", ಸಂಜೆ ಬರವಣಿಗೆಯಲ್ಲಿ "ನಮ್ಮ ಹತ್ರ ಇಲ್ಲ". ಒಂದೇ ದಿನ, ಒಂದೇ ಮನುಷ್ಯ!

ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಸೇರುವ ದಿನ ಒರಿಜಿನಲ್ ತೋರಿಸಿ ಅಂದರು. ಇಲ್ಲ ಅಂದೆ. ಕೌಂಟರಿನ ಹುಡುಗ ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ನಾನು ಓದೇ ಇಲ್ಲ, ಸುಳ್ಳು ಸರ್ಟಿಫಿಕೇಟಿನವಳು ಅನ್ನುವ ಹಾಗೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು.

ಎಲ್ಲರೂ ಹೇಳುವ ಉಪಾಯ ಒಂದಿದೆ. ಪೊಲೀಸರ ಇ-ಲಾಸ್ಟ್‌ನಲ್ಲಿ ಕಳೆದುಹೋಗಿದೆ ಅಂತ ಹಾಕಿ, ಅಫಿಡವಿಟ್ ಮಾಡಿಸಿ, ಡೂಪ್ಲಿಕೇಟ್ ತೆಗೆದುಕೋ ಅಂತ. ಗೆಳತಿಯರು ಹೇಳಿದರು, ನಮ್ಮ ಸೋದರಮಾವ ಹೇಳಿದರು, ಆ ನರ್ಸಿಂಗ್ ಹೋಮಿನ ಕ್ಲರ್ಕೇ ಫೋನ್ ಮಾಡಿ ಹೇಳಿದ! ನಾನು ಮಾಡಲಿಲ್ಲ. ಕಳೆದುಹೋಗಿಲ್ಲ, ಎಲ್ಲಿದೆ ಅಂತ ನನಗೆ ಗೊತ್ತು. ಸುಳ್ಳು ಸಾಕ್ಷಿ ಹಾಕುವುದಿಲ್ಲ ಅಂತ ಕೆಲಸ ಬಿಟ್ಟವಳು ಈಗ ಪೊಲೀಸರ ಮುಂದೆ ಸುಳ್ಳು ಅಫಿಡವಿಟ್ ಕೊಡಲೇ? ಆಮೇಲೆ ಅದೇ ಕಾಗದ ಅವರ ಕೈಗೆ ಸಿಕ್ಕರೆ, ನೋಡಿ, ಕಳೆದುಕೊಂಡೆ ಅಂತ ಅವಳೇ ಬರೆದಿದ್ದಾಳೆ ಅನ್ನುತ್ತಾರೆ.

ವಕೀಲರ ಹತ್ತಿರ ಹೋದೆ. ಅವರು ಹೇಳಿದ್ದನ್ನು ಎಲ್ಲರೂ ತಿಳಿದುಕೊಳ್ಳಿ. ಬಾಂಡ್ ಅಂದ ತಕ್ಷಣ ಎಲ್ಲಾ ಕಾನೂನುಬಾಹಿರ ಅಂತ ತಿಳಿಯಬೇಡಿ, ಕೋರ್ಟು ಕೆಲವನ್ನು ಒಪ್ಪಿದೆ. ಆದರೆ ಬಾಂಡಿನಲ್ಲಿ ಬರೆದ ಮೊತ್ತವನ್ನೆಲ್ಲ ಹಾಗೇ ವಸೂಲಿ ಮಾಡಲು ಬರುವುದಿಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಅದನ್ನೂ ಅವರು ಕೋರ್ಟಿಗೆ ಹೋಗಿ ಕೇಳಬೇಕು. ಸರ್ಟಿಫಿಕೇಟು ಒತ್ತೆ ಇಟ್ಟುಕೊಂಡು ಕೇಳುವಂತಿಲ್ಲ. ಲೀಗಲ್ ನೋಟಿಸ್ ಹೋಗಿದೆ, ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಖಾಲಿ ಕನ್ಸೆಂಟ್ ಫಾರ್ಮಿನ ವಿಷಯವನ್ನು ಬೇರೆಯಾಗಿ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಗೆ ಬರೆದಿದ್ದೇನೆ. ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇರುತ್ತದೆ, ಅಲ್ಲಿಗೆ ಹೋಗುವ ದೂರು ಅದು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬೇಡಿ, ಒಬ್ಬರು ಇನ್ನೊಬ್ಬರ ಕಡೆ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ.

ಕೆಲಸಕ್ಕೆ ಸೇರುವವರು ಜೆರಾಕ್ಸ್ ಮಾತ್ರ ಕೊಡಿ. ಒರಿಜಿನಲ್ ಇಟ್ಟುಕೊಳ್ಳದೆ ಕೆಲಸ ಕೊಡುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ, ಎಷ್ಟು ಕಷ್ಟ ಇದ್ದರೂ ಎದ್ದು ಬನ್ನಿ. ಆಗಲೇ ಕೊಟ್ಟಿದ್ದರೆ ಇವತ್ತೇ, ಅಲ್ಲಿ ಎಲ್ಲರ ಜೊತೆ ಚೆನ್ನಾಗಿರುವಾಗಲೇ, ಏನೇನು ಕೊಟ್ಟಿದ್ದೀರಿ ಅಂತ ನಂಬರ್ ಸಮೇತ ಬರೆದು ಮೇಲ್ ಕಳಿಸಿ. ಬಾಯಿಮಾತು ನಂಬಬೇಡಿ. ಇಂಟರ್‌ವ್ಯೂನಲ್ಲಿ ನಿಮ್ಮ ಮನಸ್ಸಾಕ್ಷಿಯನ್ನು ಹೊಗಳುವವರನ್ನಂತೂ ನಂಬಲೇಬೇಡಿ. ಖಾಲಿ ಫಾರ್ಮಿಗೆ ಸಾಕ್ಷಿ ಹಾಕಬೇಡಿ, ನಾಳೆ ಕೋರ್ಟಿನಲ್ಲಿ ಡಾಕ್ಟರು "ಸಿಸ್ಟರ್ ಹೇಳಿದ್ದಾರೆ, ಅವರ ಸಹಿ ಇದೆ" ಅಂತ ನಿಮ್ಮ ಕಡೆ ಬೊಟ್ಟು ಮಾಡುತ್ತಾರೆ.

ಇಷ್ಟು ಬರೆಯುವ ಹೊತ್ತಿಗೆ ಅವರಿಂದ ಮತ್ತೊಂದು ಮೆಸೇಜ್ ಬಂದಿದೆ. "ಸಿಸ್ಟರ್, ದೂರು ವಾಪಸ್ ತಗೋರಿ, ಒರಿಜಿನಲ್ ಹುಡುಕಿಸಿ ಕೊಡಿಸ್ತೀವಿ." ಇಲ್ಲ ಅಂದಿದ್ದು ಈಗ ಹುಡುಕಿದರೆ ಸಿಗುತ್ತದಂತೆ! ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕಳಿಸಿದ್ದೇನೆ. ಎರಡು ದೂರಿನಲ್ಲಿ ಒಂದನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ನಮ್ಮ ಭಾಗದಲ್ಲಿ "ದಾಖಲಾತಿಗಳನ್ನು ಸ್ವೀಕರಿಸಲಾಗಿದೆ" ಅನ್ನುವ ಇದೇ ರಸೀದಿ ಯಾರ ಹತ್ತಿರ ಇದ್ದರೂ ಬಿಸಾಡಬೇಡಿ, ನನಗೆ ತಿಳಿಸಿ. ವಿಚಾರಣೆಗೆ ಕರೆದಾಗ ನಾನೊಬ್ಬಳೇ ಹೋಗುವುದಕ್ಕಿಂತ ನಾಲ್ಕು ಜನ ಒಟ್ಟಿಗೆ ಹೋಗೋಣ.